ಯಾರಿಗೆ ಸುರಕ್ಷಿತ?

ಹಲಗಲಿಯ ಬೇಡರ ಲಾವಣಿ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಹತಾರವೆಂದರೆ ಮರ್ಯಾದೆ. 1857ರಲ್ಲಿ ಹತಾರ ಒಪ್ಪಿಸಲಾರೆವೆಂದು ಆ ಊರವರು ಪ್ರಾಣವನ್ನೇ ಕೊಟ್ಟರು. ಹೆಂಗಸರಿಗೆಂದೇ ಒಂದು ಹತಾರ ಬಂದದ್ದು ಮಾತ್ರ ತೀರ ಈಚೆಗೆ. 2012ರ ದಿಲ್ಲಿಯ ಆ ಘೋರ ಪ್ರಕರಣದ ನಂತರ, 2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ‘ನಿರ್ಭೀಕ್’ ಎಂಬ ರಿವಾಲ್ವರ್ ಹೊರತಂದಿತು. ಕೈಚೀಲದಲ್ಲಿ ಹಿಡಿಯಲೆಂದು ತೂಕ ಸುಮಾರು 500 ಗ್ರಾಂ. ಆಗಿನ ಬೆಲೆ 1 ಲಕ್ಷ 22 ಸಾವಿರದ ಮೇಲೆ. ಕೊಡುತ್ತಿದ್ದುದು ಒಡವೆಯ ಪೆಟ್ಟಿಗೆಯಂಥದರಲ್ಲಿ! ಪಿಸ್ತೂಲು ಕೊಳ್ಳುವವಳನ್ನೂ ಒಡವೆಯ ಪೆಟ್ಟಿಗೆ ಬಿಡಲಿಲ್ಲ ನೋಡಿ.

ಹಗುರಾದದ್ದು ಹೆಣ್ಣಿನ ಕೈಗೆ ಸುಲಭ ಎಂದು ಯಾರಿಗಾದರೂ ಅನಿಸೀತು. ನಾನು ಇತಿಹಾಸ ಕಲಿಸುವವಳು. ನ್ಯೂಟನ್ನನ ಮೂರನೆಯ ನಿಯಮ ಬೇಕಾದಾಗ ವಿಜ್ಞಾನದ ಮಾಸ್ತರರನ್ನೇ ಕೇಳುತ್ತೇನೆ. ಗುಂಡು ಮುಂದೆ ಹಾರುವಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ತೋಟಾ ಒಂದೇ ಆದರೆ ಪಿಸ್ತೂಲು ಹಗುರಾದಷ್ಟೂ ಒದೆತ ಜೋರು. ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, ಮೈಯನ್ನು ತುಸು ಮುಂದೆ ಬಾಗಿಸಿ ನಿಲ್ಲಬೇಕು. ಮೈಗೆ ಇದನ್ನು ಕಲಿಸಬಹುದು, ಮನಸ್ಸಿಗೆ ಕಷ್ಟ. ಒದೆತಕ್ಕೆ ಅಂಜಿದವರ ಮಣಿಕಟ್ಟು ಗುಂಡು ಹಾರುವ ಮೊದಲೇ ಕುಸಿಯುತ್ತದೆ, ಗುರಿ ಕೆಳಗಾಗುತ್ತದೆ. ಅಂಜಿಕೆ ಕಳೆಯಲೆಂದು ಕೊಂಡ ವಸ್ತು ಅಂಜಿದ ಕೈಯ ಮಾತು ಕೇಳುವುದಿಲ್ಲ. ಅದಕ್ಕೆ ಎಡೆಬಿಡದ ಅಭ್ಯಾಸ ಬೇಕು. ರಾಜೂರಿನ ಹೆಣ್ಣುಮಗಳೊಬ್ಬಳು ಆ ಅಭ್ಯಾಸಕ್ಕೆ ಎಲ್ಲಿಗೆ ಹೋಗಬೇಕು?

ಇನ್ನು ತೋಟಾ. ನಳಿಗೆಯ ಮೇಲೆ ಬರೆದ ಅಳತೆಯದೇ ಆಗಿರಬೇಕು. ತುಕ್ಕು ಹಿಡಿದದ್ದು, ಯಾರೋ ಮನೆಯಲ್ಲಿ ಮದ್ದು ತುಂಬಿಕೊಟ್ಟದ್ದು ಬೇಡ, ಕೈಯಲ್ಲೇ ಸಿಡಿದೀತು. ಇಷ್ಟು ನೋಡಿಕೊಂಡರೆ ಹಾರಿಸುವವಳಿಗೆ ಸುರಕ್ಷಿತ. ಆದರೆ ಗುಂಡಿನ ದಾರಿಯಲ್ಲಿ ಅವಳೊಬ್ಬಳೇ ಇರುವುದಿಲ್ಲವಲ್ಲ!

ಕಲಕತ್ತೆಯ ಹತ್ತಿರದ ದಮ್‌ದಮ್‌ನಲ್ಲಿ 1890ರ ದಶಕದಲ್ಲಿ ಮೈಯೊಳಗೆ ಹೊಕ್ಕು ಅರಳುವ ಗುಂಡು ತಯಾರಿಸಿದರು. ಅಂಥ ಗುಂಡು ಯುದ್ಧದಲ್ಲಿಯೂ ಸಲ್ಲದೆಂದು 1899ರಲ್ಲಿ ಹೇಗ್ ನಗರದಲ್ಲಿ ಸೇರಿದ ದೇಶಗಳು ಘೋಷಿಸಿದವು. ಮುಂದೆ 1998ರಲ್ಲಿ ನ್ಯೂಯಾರ್ಕಿನ ಪೊಲೀಸರು ಅರಳುವ ಗುಂಡನ್ನೇ ಬಳಸಲು ನಿರ್ಧರಿಸಿದರು. ಸಾದಾ ಗುಂಡು ಒಬ್ಬನ ಮೈ ತೂರಿ ಹೊರಬಂದು ದಾರಿಹೋಕರಿಗೂ ತಗಲುತ್ತಿತ್ತು. ಅರಳಿದ ಗುಂಡು ಬಹುಮಟ್ಟಿಗೆ ಒಳಗೇ ನಿಲ್ಲುತ್ತದೆ. ಎದುರಿನವನಿಗೆ ಕ್ರೂರವಾದದ್ದು ಹಿಂದಿನವರ ಪಾಲಿಗೆ ಕರುಣೆಯಾಯಿತು.

ಹೇಳಲು ನಾಲಗೆ ತಡವರಿಸಿದರೂ ನನಗೆ ಪೊಲೀಸರ ವಾದವೇ ಸರಿ ಕಾಣುತ್ತದೆ. ಮೈಮೇಲೆ ಬಂದವನು ತನ್ನ ಅಪಾಯವನ್ನು ತಾನೇ ತಂದುಕೊಂಡ, ದಾರಿಹೋಕರು ಏನು ಮಾಡಿದ್ದರು? ಹೆಣ್ಣಿಗೆ ಪಿಸ್ತೂಲು ಬೇಡವೇ ಬೇಡ ಎನ್ನುವವಳೂ ನಾನಲ್ಲ. ಆದರೆ ಗುರಿ ತಪ್ಪಿದರೆ ಅರಳುವ ಗುಂಡೂ ಬಾಗಿಲು ತೂರಿ ಹೋಗುತ್ತದೆ. ಗೋಡೆಗೆ ಗೋಡೆ ಹತ್ತಿದ ನಮ್ಮ ಓಣಿಯಲ್ಲಿ ಕಳ್ಳನೊಬ್ಬ ಬಾಗಿಲಲ್ಲಿ ನಿಂತನೆಂದರೆ, ಅವನ ಬೆನ್ನ ಹಿಂದೆ ಎದುರುಮನೆಯ ಕಟ್ಟೆ. ಬೇಸಿಗೆಯ ರಾತ್ರಿ ಅಲ್ಲಿ ಅಜ್ಜಿ, ಮೊಮ್ಮಕ್ಕಳು ಕೌದಿ ಹಾಸಿಕೊಂಡು ಮಲಗಿರುತ್ತಾರೆ.