ವೈರಾಗ್ಯವೋ, ವಿಷಾದವೋ?

ವೃದ್ಧಾಪ್ಯಕ್ಕೆ ವೈರಾಗ್ಯವೇ ಭೂಷಣವೆಂದು ನಾವೆಲ್ಲರೂ ಕೇಳುತ್ತ ಬಂದಿದ್ದೇವೆ. ಆದರೆ ಮನೆಯ ಮೂಲೆಯಲ್ಲಿ ಮೌನವಾಗಿ ಕುಳಿತ ಹಿರಿಯರಲ್ಲಿರುವುದು ವೈರಾಗ್ಯವೋ ವಿಷಾದವೋ ಎಂದು ವಿಚಾರಿಸಿದವರೆಷ್ಟು ಮಂದಿ?

ನಮ್ಮ ಮನೆಯ ಮಾತನ್ನೇ ಸಜ್ಜನರ ಮುಂದೆ ನಿವೇದಿಸುವೆನು. ಶಹಾಪುರದಲ್ಲಿದ್ದ ನಮ್ಮ ಅಜ್ಜಿಯವರು, ಅಜ್ಜನವರು ಹರಿಪಾದ ಸೇರಿದ ಮೇಲೆ ಮೆಲ್ಲನೆ ಮಾತು ಕಡಿಮೆ ಮಾಡಿದರು. ಊಟ, ನಿದ್ರೆಗಳು ತಗ್ಗಿದವು. ಹೂಬತ್ತಿ ಹೊಸೆಯುವ ಕೈ ನಿಂತಿತು. ದಾಸರ ಪದ ಹಾಡುವುದನ್ನೂ, ಗುಡಿಯ ಪುರಾಣಕ್ಕೆ ಬರುವುದನ್ನೂ ಬಿಟ್ಟರು. ವೈರಾಗ್ಯ ಬಂದಿದೆಯೆಂದು ನಾವು ಹೆಮ್ಮೆಪಟ್ಟೆವು. ಒಂದು ದಿನ ಬಳಿಯಲ್ಲಿ ಕುಳಿತು ಕೇಳಿದಾಗ ಅವರೆಂದರು: “ಪುರಾಣ ಹೇಳೋದು ನನಗ ಕೇಳಸೂದೇ ಇಲ್ಲೋ. ಸುಮ್ಮನ ಬಂದು ಕೂತು ಏನ ಮಾಡಲಿ?” ವೈದ್ಯರು ಪರೀಕ್ಷಿಸಿ, ಕಿವಿ ಮಂದವಾಗಿರುವುದರ ಜೊತೆಗೆ ಮನಸ್ಸಿಗೆ ಖಿನ್ನತೆಯ ರೋಗವಿದೆಯೆಂದರು. ಔಷಧವೂ ಶ್ರವಣಯಂತ್ರವೂ ಬಂದವು. ಹಾಡು ಮೊದಲಿನಂತೆ ಮರಳಲಿಲ್ಲ. ಬತ್ತಿ ಹೊಸೆಯುವ ಕೈ ಮರಳಿತು.

ಶ್ರೀಮದಾಚಾರ್ಯರು ಭಕ್ತಿಯನ್ನು ಮಾಹಾತ್ಮ್ಯಜ್ಞಾನಪೂರ್ವಕವಾದ ದೃಢಸ್ನೇಹವೆಂದು ನಿರೂಪಿಸಿದ್ದಾರೆ. ನಿಜವಾದ ವೈರಾಗ್ಯದಲ್ಲಿ ವಿಷಯಗಳ ಮೇಲಿನ ಆಸೆ ತಗ್ಗಿದಂತೆ ಹರಿಯಲ್ಲಿ ಸ್ನೇಹವು ಬೆಳೆಯಬೇಕು. ವಿಷಾದದಲ್ಲಾದರೋ ಎರಡೂ ಬತ್ತಿದಂತೆ ತೋರುತ್ತವೆ. ಹಾಗೆಂದು ಅದು ಭಕ್ತಿಯ ಕೊರತೆಯೂ ಅಲ್ಲ. ಭಗವಂತನ ಪ್ರಿಯಸಖನಾದ ಅರ್ಜುನನಿಗೇ ವಿಷಾದವು ಬಂದಿತು. ಶ್ರೀಕೃಷ್ಣನು ಮೊದಲು ಅವನ ಅಳಲನ್ನು ಕೇಳಿಸಿಕೊಂಡನು, ಉಪದೇಶವು ಅನಂತರದ್ದು.

ನಮ್ಮ ದೇಶದಲ್ಲಿ ೨೦೧೭-೧೮ರಲ್ಲಿ ನಡೆದ ವೃದ್ಧಾಪ್ಯದ ಸಮೀಕ್ಷೆಯೊಂದರಲ್ಲಿ, ೬೦ ವರ್ಷ ಮೀರಿದವರಲ್ಲಿ ಶೇಕಡಾ ೮.೩ರಷ್ಟು ಜನರಲ್ಲಿ ತೀವ್ರ ಖಿನ್ನತೆಯ ಲಕ್ಷಣಗಳು ಕಂಡುಬಂದವು. ವೈದ್ಯರಿಂದ ಹಾಗೆಂದು ತಿಳಿದಿದ್ದವರು ಶೇಕಡಾ ೦.೮ ಮಾತ್ರ. ಉಳಿದವರ ದುಃಖಕ್ಕೆ ಹೆಸರೇ ಇರಲಿಲ್ಲ. ಸಂಗಾತಿಯ ವಿಯೋಗ, ಒಂಟಿವಾಸ, ದೀರ್ಘರೋಗ, ಕಣ್ಣು-ಕಿವಿಗಳ ಮಾಂದ್ಯ, ಹಣದ ಅಡಚಣೆ ಇವು ಈ ರೋಗದೊಡನೆ ಕೂಡಿ ಬರುವ ಸಂಗತಿಗಳು. ಯಾದಗಿರಿ, ಶಹಾಪುರ, ಸುರಪುರಗಳಿಂದ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಹೋಗಿ ನೆಲೆಸಿರುವ ಮನೆಗಳಲ್ಲಿ ಇವುಗಳಲ್ಲಿ ಹಲವು ಒಟ್ಟಿಗೇ ಸೇರಿರುತ್ತವೆ.

ಇದೆಲ್ಲ ಪ್ರಾರಬ್ಧ, ಅನುಭವಿಸಿಯೇ ತೀರಬೇಕು ಎನ್ನುವವರುಂಟು. ಜ್ವರವೂ ಪ್ರಾರಬ್ಧವೇ, ಆದರೂ ಕಷಾಯ ಕೊಡುವುದನ್ನು ನಾವು ಬಿಡುವುದಿಲ್ಲ. ಎರಡು ವಾರ ಕಳೆದರೂ ಹಿರಿಯರ ಮುಖ ಅರಳದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. “ದೇವರು ನನ್ನನ್ನು ಇನ್ನೂ ಯಾಕೆ ಕರೆಸಿಕೊಳ್ಳಲಿಲ್ಲ” ಎಂಬ ಮಾತನ್ನು ಮೋಕ್ಷದ ಅಪೇಕ್ಷೆಯೆಂದು ತಳ್ಳಿಹಾಕದೆ, ಅದರ ಹಿಂದಿನ ನೋವನ್ನು ಕೂಡಲೇ ವಿಚಾರಿಸಬೇಕು. ಸರಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ಹಗಲಿರುಳು ಉಚಿತವಾಗಿ ಫೋನು ಮಾಡಬಹುದು.

ದೂರದಲ್ಲಿರುವ ಮಕ್ಕಳು ಕಳಿಸುವ ಹಣವು ಔಷಧಕ್ಕೆ ಬೇಕು. ಅದರೊಡನೆ ದಿನಕ್ಕೊಮ್ಮೆ ಅವರ ದನಿಯೂ ಬೇಕು. ಊರಿನಲ್ಲಿರುವ ನಾವು ಏಕಾದಶಿಯ ಪ್ರವಚನಕ್ಕೆ ಹೊರಡುವಾಗ ಪಕ್ಕದ ಮನೆಯ ಹಿರಿಯರ ಕೈ ಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ ಕೂಡಿಸೋಣ. ಅದೂ ಹರಿಸೇವೆಯೇ ಆಗಿದೆ. ಹರಿವಾಯುಗುರುಗಳು ನಮಗೆ ಆ ಬುದ್ಧಿಯನ್ನು ಪ್ರೇರಿಸಲಿ.

ಶ್ರೀಕೃಷ್ಣಾರ್ಪಣಮಸ್ತು.