ಆಂ?

ತಾಯಿಯನ್ನು ಕರೆಯುವ ಪದ ದೂರದೂರದ ಭಾಷೆಗಳಲ್ಲೂ ಒಂದೇ ಥರ ಕೇಳಿಸುತ್ತದೆ ಎಂಬುದು ಹಳೆಯ ಬೆರಗು. ಪೂರ್ತಿ ನೆಚ್ಚುವಂಥದ್ದಲ್ಲ. ನಮ್ಮಲ್ಲಿ ‘ಮಾಮ’ ಅಂದರೆ ಸೋದರಮಾವ, ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಅಂದರೆ ಅಪ್ಪ. ಮಗುವಿನ ತುಟಿಗೆ ಸುಲಭವಾದ ಸದ್ದನ್ನು ಒಂದೊಂದು ಭಾಷೆ ಒಬ್ಬೊಬ್ಬ ನೆಂಟರಿಗೆ ಕೊಟ್ಟಿದೆ, ಅಷ್ಟೆ. ಸದ್ದೂ ಅರ್ಥವೂ ಹೆಚ್ಚುಕಡಿಮೆ ಒಂದೇ ಆಗಿರುವ ಪದ ಬೇಕೆಂದರೆ ಇನ್ನೂ ಚಿಕ್ಕದನ್ನು ಹುಡುಕಬೇಕು: ಮಾತು ಕೇಳಿಸದಿದ್ದಾಗ ನಾವು ಅನ್ನುವ ‘ಆಂ?’

ಡಚ್ಚರು ‘ಹೆ?’ ಅನ್ನುತ್ತಾರೆ, ಇಟಲಿಯವರು ‘ಎ?’, ಚೀನೀಯರು ‘ಅ?’, ಐಸ್‌ಲ್ಯಾಂಡಿನವರು ‘ಹ?’. ನೆದರ್ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಮಾರ್ಕ್ ಡಿಂಗಮಾನ್ಸೆ, ಫ್ರಾನ್ಸಿಸ್ಕೊ ಟೊರೇರಾ, ನಿಕ್ ಎನ್‌ಫೀಲ್ಡ್ 2013ರಲ್ಲಿ 10 ಭಾಷೆಗಳ ದಿನನಿತ್ಯದ ಮಾತುಕತೆಯನ್ನು ಇದಕ್ಕಾಗಿಯೇ ಜಾಲಾಡಿ ಪ್ರಬಂಧ ಬರೆದರು. ಘಾನಾದ ಸಿವು, ಈಕ್ವಡಾರ್‌ನ ಚಾಪಲಾ, ಲಾವೋ ಎಲ್ಲವೂ ಅದರಲ್ಲಿದ್ದವು. 2015ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು. ನಗುವವರು ನಕ್ಕರು.

ಈ ಪದವನ್ನು ಯಾರೂ ಯಾರಿಂದಲೂ ಸಾಲ ತಂದದ್ದಲ್ಲ ಎನ್ನುವುದು ಅವರ ವಾದ. ಶಾರ್ಕ್ ಮೀನು, ಡಾಲ್ಫಿನ್ ಸಸ್ತನಿ. ಆದರೂ ನೀರು ಎರಡನ್ನೂ ಒಂದೇ ಆಕಾರಕ್ಕೆ ತಂದಿದೆ. ಮಾತುಕತೆಯೂ ಅಂಥ ನೀರು. ಒಬ್ಬರು ನಿಲ್ಲಿಸಿದ ಅರೆಕ್ಷಣದಲ್ಲಿ ಇನ್ನೊಬ್ಬರು ಶುರುಮಾಡಬೇಕು. ಏನೂ ತಿಳಿಯದವನಿಗೆ ಆ ಅವಸರದಲ್ಲಿ ವಾಕ್ಯ ಕಟ್ಟಲು ಪುರಸೊತ್ತೆಲ್ಲಿ? ನಾಲಿಗೆಗೆ ಕೆಲಸವಿಲ್ಲದ ಒಂದು ಸ್ವರ, ಜೊತೆಗೆ ಪ್ರಶ್ನೆಯ ರಾಗ, ಸಾಕು. ಹಾಗಂತ ಇದು ಸೀನಿನಂಥದ್ದಲ್ಲ. ಹುಟ್ಟಿದ ಕೂಸು ಅಳುತ್ತದೆ, ‘ಆಂ?’ ಅನ್ನುವುದಿಲ್ಲ. ಐಸ್‌ಲ್ಯಾಂಡಿನಲ್ಲಿ ಅದರ ರಾಗ ಮೇಲೇರದೆ ಕೆಳಗಿಳಿಯುತ್ತದೆ. ಕಲಿತೇ ಆಡಬೇಕು.

ನನ್ನನ್ನು ಕಾಡುವುದು ಕೇಳಿದವನಿಗಿಂತ ಹೇಳಬೇಕಾದವನ ಪಾಡು. ಎದುರಿನವರು ಮತ್ತೆ ಹೇಳುತ್ತಾರೆ ಎಂಬ ಭರವಸೆ ಇರುವುದರಿಂದಲೇ ಈ ಪದಕ್ಕೆ ಇಷ್ಟು ಚಿಕ್ಕದಾಗಿರಲು ಸಾಧ್ಯ. 12 ಭಾಷೆಗಳ ಇನ್ನೊಂದು ಅಧ್ಯಯನದ ಪ್ರಕಾರ ಮಾತುಕತೆಯಲ್ಲಿ ಸುಮಾರು ಒಂದೂವರೆ ನಿಮಿಷಕ್ಕೊಮ್ಮೆ ಯಾರಾದರೊಬ್ಬರು ಹೀಗೆ ಒಂದಲ್ಲ ಒಂದು ರೀತಿಯಲ್ಲಿ ತಡೆದು ಕೇಳುತ್ತಾರೆ. ಅಷ್ಟು ಸಲ ನಾವು ಲೆಕ್ಕವಿಡದೆ ಸಾಲ ತೀರಿಸುತ್ತಿರುತ್ತೇವೆ. ಎಲ್ಲರಿಗೂ ಸಮನಾಗಿ ಅಲ್ಲ. ದೊಡ್ಡವರು ನಮಗೆ ‘ಆಂ?’ ಅನ್ನಬಹುದು; ನಾವು ಅಂದರೆ ಬೈಗುಳ, ‘ಏನಂದ್ರಿ?’ ಅನ್ನಬೇಕು. ಸೆಮಿನಾರುಗಳಲ್ಲಿ ನಾನು ಅದನ್ನೂ ಅನ್ನದೆ ತಲೆಯಾಡಿಸಿ ಕೂತದ್ದೇ ಹೆಚ್ಚು.

ನಮ್ಮ ಅಜ್ಜಿಗೆ ಈಚೆಗೆ ಕಿವಿ ಮಂದ. ದೀಪಾವಳಿಗೆ ಹೋದಾಗ ಬಸ್ಸು ತಡವಾದ ಕಥೆ ಹೇಳುತ್ತಿದ್ದೆ. ಒಂದು ಸಲ ‘ಆಂ?’ ಅಂದಳು, ಹೇಳಿದೆ. ಮತ್ತೆ ‘ಆಂ?’, ಮತ್ತೆ ಹೇಳಿದೆ. ಮೂರನೆಯ ಸಲಕ್ಕೆ, ‘ಏನಿಲ್ಲ ಬಿಡಜ್ಜಿ’ ಅಂದುಬಿಟ್ಟೆ. ಸುಳ್ಳೇನಲ್ಲ, ನಿಜವಾಗಿ ಏನೂ ಇರಲಿಲ್ಲ. ಬಸ್ಸು ತಡವಾದದ್ದು ಗೊತ್ತಾಗದಿದ್ದರೆ ಅವಳಿಗೆ ನಷ್ಟವೇನು ಎಂದು ವಾದಿಸಿಕೊಳ್ಳಬಹುದು, ವಾದಿಸಿಕೊಂಡೂ ಇದ್ದೇನೆ. ಆದರೆ ಅವಳು ಕೇಳಿದ್ದು ಬಸ್ಸಿನ ವಿಷಯವನ್ನಲ್ಲ. ತಾನಿನ್ನೂ ಮಾತಿನೊಳಗೆ ಇದ್ದೇನೆಯೇ ಎಂದು ಕೇಳಿದ್ದಳು.

ಯುಗಾದಿಗೆ ಹೋದಾಗ ಅವಳು ಒಂದು ಸಲವೂ ‘ಆಂ?’ ಅನ್ನಲಿಲ್ಲ. ‘ಊಟ ಆಯ್ತಾ ಅಜ್ಜಿ?’ ಅಂದೆ. ‘ಹೂಂ’ ಅಂದಳು. ‘ಬೆಳಿಗ್ಗೆ ಯಾರು ಬಂದಿದ್ರು?’ ಅಂದೆ.

‘ಹೂಂ’ ಅಂದಳು.