ಹುಳಿಯ ಹೊಣೆ ಯಾರದು?

ಮನೆಗೆ ಮೊದಲ ಎಸ್ಪ್ರೆಸೊ ಯಂತ್ರವನ್ನು ಕೊಳ್ಳಬೇಕೆಂದಿರುವ ಮಿತ್ರರೊಬ್ಬರು, ಯಾವುದನ್ನು ಕೊಳ್ಳಲಿ ಎಂದು ನನ್ನನ್ನು ಕೇಳಿದರು. ಕಪ್ಪಗೆ ಹುರಿದ ಬೀಜ ಅವರಿಗೆ ಒಗ್ಗದು. ನಸುಗಂದು ಬಣ್ಣಕ್ಕೆ ಬಂದೊಡನೆ ಉರಿಯಿಂದ ತೆಗೆದದ್ದು, ಪೇಟೆಯವರು ಲೈಟ್ ರೋಸ್ಟ್ ಎನ್ನುವ ನಸುಹುರಿಯ ಬೀಜವೇ ಆಗಬೇಕು. ನನ್ನಿಂದ ಬೆಲೆಯ ಮಾತನ್ನೋ ಕಂಪನಿಯ ಹೆಸರನ್ನೋ ಅವರು ನಿರೀಕ್ಷಿಸಿದ್ದರು. ನನಗೆ ಮಾತ್ರ ಮೊದಲು ನೆನಪಾದದ್ದು ನಾನು ಮಾಡಿದ ಒಂದು ಅನ್ಯಾಯ.

ನನ್ನ ಭಾವ ಕೊಪ್ಪದ ಕಡೆ ಅಡಿಕೆಯ ಜೊತೆಗೆ ಒಂದಿಷ್ಟು ಕಾಫಿ ಬೆಳೆಯುತ್ತಾರೆ. ಒಂದು ವರ್ಷ ಮನಸ್ಸು ಮಾಡಿ, ಕೆಂಪಗೆ ಹಣ್ಣಾದುದನ್ನಷ್ಟೇ ಆಯ್ದು ಕೊಯ್ಯಿಸಿದರು. ಒಂದೇ ಗಿಡದ ಬುಡಕ್ಕೆ ಆಳು ಮತ್ತೆ ಮತ್ತೆ ಹೋಗಬೇಕಾದ ಕೆಲಸ ಅದು, ಕೂಲಿ ಹೆಚ್ಚು. ಆ ಬೀಜವನ್ನು ನಸುವಾಗಿ ಹುರಿಸಿ ನನಗೊಂದು ಪೊಟ್ಟಣ ಕಳುಹಿಸಿದರು. ಕುಮಟೆಯ ನಮ್ಮ ಮನೆಗೆ ಸಣ್ಣದೊಂದು ಯಂತ್ರ ಬಂದ ಹೊಸತು. ಮಾಡಿ ಕುಡಿದರೆ ಅಪ್ಪೆಹುಳಿ! "ಭಾವ, ನಿಮ್ಮ ಬೀಜ ಬರೀ ಹುಳಿ" ಎಂದು ಫೋನಿನಲ್ಲಿ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಾ ಭಾವ" ಎಂದರು. ಮರುವರ್ಷ ಆಯ್ದು ಕೊಯ್ಯಿಸುವ ಗೋಜಿಗೆ ಹೋಗಲಿಲ್ಲ.

ಆ ತಿಂಗಳೇ ಬೆಂಗಳೂರಿಗೆ ಹೋದಾಗ ಉಳಿದ ಬೀಜವನ್ನು ಪರಿಚಯದವರೊಬ್ಬರಿಗೆ ಕೊಟ್ಟೆ. ಅವರು ಮಾಡಿಕೊಟ್ಟ ಕಾಫಿಯಲ್ಲಿಯೂ ಹುಳಿ ಇತ್ತು. ಆದರೆ ಅದು ಕಿತ್ತಳೆಯ ಹುಳಿಯಂತೆ ಸಿಹಿಯನ್ನು ಜೊತೆಗಿಟ್ಟುಕೊಂಡ ಹುಳಿ. ಬೀಜ ಅದೇ, ಬೇರೆಯಾದದ್ದು ಬೀಸಿದ ರೀತಿ ಮತ್ತು ನೀರಿನ ಬಿಸಿ. ಕೂಡಲೇ ಭಾವನಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ಇದರ ಕಾರಣ ಸರಳವಾದುದು. ಹೆಚ್ಚು ಹುರಿದ ಬೀಜ ಪೊಳ್ಳಾಗಿ ತನ್ನ ಸಾರವನ್ನು ಬೇಗ ಬಿಟ್ಟುಕೊಡುತ್ತದೆ. ನಸುಹುರಿಯ ಬೀಜ ಗಟ್ಟಿ. ಅದರಿಂದ ಮೊದಲು ಹೊರಬರುವುದು ಹುಳಿ; ಸಿಹಿ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಪುಡಿ ದಪ್ಪವಾಗಿದ್ದರೆ, ನೀರು ಸಾಕಷ್ಟು ಕಾಯದಿದ್ದರೆ, ನಾವು ಹುಳಿಯನ್ನಷ್ಟೇ ಕುಡಿದು ಏಳುತ್ತೇವೆ. ಮಿಲಾನಿನ ಬೆಜ್ಜೆರಾ 1901ರಲ್ಲಿ ಹಬೆಯ ಯಂತ್ರಕ್ಕೆ ಪೇಟೆಂಟ್ ಪಡೆದಾಗಲಾಗಲಿ, ಅದೇ ಊರಿನ ಗಾಜಾ 1938ರಲ್ಲಿ ಹಬೆಯನ್ನು ಬಿಟ್ಟು ಒತ್ತಡದ ದಾರಿ ಹಿಡಿದಾಗಲಾಗಲಿ, ಅವರ ಕಣ್ಣ ಮುಂದೆ ಈ ನಸುಹುರಿ ಇರಲಿಲ್ಲ. ನಮ್ಮ ಹಿತ್ತಾಳೆಯ ಫಿಲ್ಟರೂ ಹಾಗೆಯೇ. ಹಾಲು ಚಿಕೋರಿಗಳ ಜೊತೆಗೆ ಮನೆಮಂದಿಗೆಲ್ಲ ಡಿಕಾಕ್ಷನ್ ಇಳಿಸಿಕೊಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಈ ಬೀಜವನ್ನು ಪರೀಕ್ಷಿಸುವುದಕ್ಕೆ ಅದು ತಕ್ಕದ್ದಲ್ಲ, ಅಷ್ಟೆ.

ಸಲಕರಣೆ ತಕ್ಕದ್ದಲ್ಲದಾಗ ಕೊಟ್ಟ ತೀರ್ಪಿಗೆ ಬೆಲೆಯೇನು? ಅಘನಾಶಿನಿಯ ದಂಡೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಹೊಳೆ ಕಡಲನ್ನು ಸೇರುವಲ್ಲಿನ ಗಜನಿ ಭೂಮಿಯಲ್ಲಿ, ಮಾಣಿಕಟ್ಟಾದಂಥ ಊರುಗಳಲ್ಲಿ, ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಎಕರೆಗೆ ಎಷ್ಟು ಚೀಲವೆಂದು ಅಳೆದರೆ ಸುಧಾರಿತ ತಳಿಗಳ ಮುಂದೆ ಅದು ಸೋಲುತ್ತದೆ. ಹಾಗೆ ಅಳೆದವರು ಅದನ್ನು ಬಡಭತ್ತವೆಂದೇ ಬಗೆದಾರು. ಆದರೆ ಕಟ್ಟೆ ಒಡೆದು ಉಪ್ಪುನೀರು ಗದ್ದೆಗೆ ನುಗ್ಗಿದಾಗ ತಲೆಯೆತ್ತಿ ನಿಲ್ಲುವುದು ಅದೇ ಬಡಭತ್ತ. ಚೀಲದ ಅಳತೆ ಸುಳ್ಳಲ್ಲ. ಅದು ಉಪ್ಪನ್ನು ಕಾಣಲಾರದು. ಮನುಷ್ಯರ ವಿಷಯದಲ್ಲಿಯೂ ನಾವು ದಿನವೂ ಮಾಡುವುದು ಇದನ್ನೇ ಅಲ್ಲವೆ? ಮಾತು ಕಡಮೆ ಆಡುವವನನ್ನು ಮಾತಿನಿಂದ ಅಳೆದು ದಡ್ಡನೆನ್ನುತ್ತೇವೆ.

ಹಾಗೆಂದು ಎಲ್ಲ ಹುಳಿಯೂ ಕುಡಿಯುವವನ ತಪ್ಪೆಂದು ಹೇಳಲಾಗದು. ಕಾಯಿ ಬೀಜವೂ ಉಂಟು, ಹುರಿಯುವಲ್ಲಿ ಒಳಗೆ ಹಸಿಯುಳಿದ ಬೀಜವೂ ಉಂಟು. ಎಲ್ಲ ದೋಷವನ್ನೂ ತನ್ನ ಮೇಲೆಯೇ ಹೇರಿಕೊಳ್ಳುವುದು ವಿನಯದಂತೆ ಕಂಡರೂ ಅದರಿಂದ ನಿಜ ತಿಳಿಯುವುದಿಲ್ಲ. ದೋಷ ಎಲ್ಲಿದೆಯೆಂದು ಕಂಡುಕೊಳ್ಳಲು ಬಿಡುವ ಯಂತ್ರ ಬೇಕು.

ಆದುದರಿಂದ ಮಿತ್ರರಿಗೆ ನಾನು ಹೇಳಿದ್ದು ಹೀಗೆ: ಹಣದ ದೊಡ್ಡ ಪಾಲು ಬೀಸುವ ಯಂತ್ರಕ್ಕೆ ಹೋಗಲಿ. ಅದು ಕೈಯಿಂದ ತಿರುಗಿಸುವುದಾದರೂ ಸರಿಯೆ. ತೀರ ಸಣ್ಣಗೆ, ಸಮನಾಗಿ ಬೀಸಬೇಕು, ಕೂದಲೆಳೆಯಷ್ಟು ಹೆಚ್ಚುಕಡಮೆ ಮಾಡಲು ಬರಬೇಕು. ಪೆಟ್ಟಿಗೆಯ ಮೇಲಿನ 15 ಬಾರ್ ಎಂಬ ದೊಡ್ಡ ಅಂಕೆಗೆ ಮರುಳಾಗಬೇಡಿ. ಕಾಫಿಗೆ 9 ಬಾರ್ ಸುಮಾರಿಗೆ ಸಾಕು. ನೀರಿನ ಬಿಸಿಯನ್ನು 94–96 ಡಿಗ್ರಿಗೆ ನಿಲ್ಲಿಸಲು ಬರುತ್ತದೆಯೇ ಎಂದು ಕೇಳಿ. ಅಷ್ಟು ಹಣವಿಲ್ಲದಿದ್ದರೆ, ಕುದಿವ ನೀರು ಹೊಯ್ದು ಸನ್ನೆಗೋಲನ್ನು ಕೈಯಿಂದ ಒತ್ತುವ ಸಾಧನವಾದೀತು. ಮಳೆಗಾಲದಲ್ಲಿ ಕರೆಂಟು ಹೋದರೂ ನಡೆಯುತ್ತದೆ. ಎರಡು ತಳದ ಜರಡಿಬಟ್ಟಲು ಕೊಡುವ ಯಂತ್ರಗಳುಂಟು: ಪುಡಿ ಹೇಗೇ ಇರಲಿ, ಮೇಲೆ ನೊರೆ ಬರಿಸಿಬಿಡುತ್ತವೆ. ಅಂಥ ಬಟ್ಟಲು ನಿಮ್ಮ ತಪ್ಪನ್ನು ನಿಮ್ಮಿಂದಲೇ ಮುಚ್ಚಿಡುತ್ತದೆ. ನನ್ನದು ಅಂಥದೇ ಆಗಿತ್ತು. ಒಂದು ತಳದ್ದು ಮೊದಲು ಕಾಡುತ್ತದೆ, ಆಮೇಲೆ ಕಲಿಸುತ್ತದೆ. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ ಇಳಿಸುವುದು ವಾಡಿಕೆ. ನಸುಹುರಿಗೆ 45 ಗ್ರಾಂವರೆಗೆ ಇಳಿಸಿ ನೋಡಿ. ಒಂದು ಸಲಕ್ಕೆ ಒಂದನ್ನಷ್ಟೇ ಬದಲಿಸಿ.

ಕಳೆದ ದೀಪಾವಳಿಗೆ ಕೊಪ್ಪಕ್ಕೆ ಹೋದಾಗ ಭಾವನಿಗೆ ಎಲ್ಲವನ್ನೂ ಹೇಳಿದೆ. "ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲ ಭಾವ" ಎಂದರು; ಬೇರೇನೂ ಅನ್ನಲಿಲ್ಲ. ಯಂತ್ರದ ತಪ್ಪು ತಿಳಿಯಲು ಒಂದು ತಿಂಗಳು ಸಾಕಾಗಿತ್ತು. ನನ್ನ ತಪ್ಪನ್ನು ಬಾಯಿಬಿಟ್ಟು ಹೇಳಲು ಎರಡು ವರ್ಷ ಬೇಕಾಯಿತು. ಆ ನಡುವೆ ಎರಡು ಕೊಯ್ಲು ಕಳೆದುಹೋಗಿದ್ದವು.

ಮಿತ್ರರು ಹೊರಡುವಾಗ ಇನ್ನೊಂದು ಮಾತು ಸೇರಿಸಿದೆ: ಕಾಫಿ ಹುಳಿಯಾದ ದಿನ, ಬೆಳೆದವನಿಗೆ ಸುದ್ದಿ ಕಳುಹಿಸುವ ಮುಂಚೆ ಇನ್ನೊಂದಿಷ್ಟು ಸಣ್ಣಗೆ ಬೀಸಿ ನೋಡಿ.